ಒತ್ತಕ್ಷರ ಉದುರದ ಕಾರ್ ಸ್ಟಿಕರ್: ನನ್ನ ಅನುಭವ

"ಅಪ್ಪನ ಆಶೀರ್ವಾದ" ಎಂದು ಒಂದು ಕಾರಿಗೆ ಸ್ಟಿಕರ್ ಅಂಟಿಸಿ ಕಳಿಸಿದ್ದೆ. ಎರಡು ತಿಂಗಳಾದ ಮೇಲೆ ಆ ಕಾರು ವಾಪಸ್ ಬಂತು. ಹಿಂದುಗಡೆ "ಅಪನ ಆಶೀವಾದ" ಎಂದಿತ್ತು. ಪ ಒತ್ತು ಹೋಗಿತ್ತು, ಅರ್ಕಾವತ್ತು ಹೋಗಿತ್ತು. ಉಳಿದ ಅಕ್ಷರ ಎಲ್ಲ ಗಟ್ಟಿಯಾಗಿ ಕೂತಿದ್ದವು.

ಇದು 2021ರ ಮಳೆಗಾಲ. ಆ ಗಿರಾಕಿ ಅದೇ ವರ್ಷ ತಂದೆಯನ್ನು ಕಳೆದುಕೊಂಡಿದ್ದರು. ಅವರು ಗಲಾಟೆ ಮಾಡಲಿಲ್ಲ. "ಅಪ್ಪನ ಹೆಸರಲ್ಲಿ ತಪ್ಪು ಬರಬಾರದಿತ್ತು ಕಣ್ರೀ" ಎಂದರು, ಅಷ್ಟೇ. ತಗೊಂಡಿದ್ದ 650 ರೂಪಾಯಿ ವಾಪಸ್ ಕೊಟ್ಟೆ. ಉಳಿದ ಅಕ್ಷರಗಳನ್ನು ಹೀಟ್ ಗನ್ ಹಿಡಿದು ನಾನೇ ಕಿತ್ತೆ. ಆ ಕೆಲಸ ಮಾಡುವಾಗ ಕೈ ನಡುಗಿತು.

ನನ್ನ ಅಂಗಡಿ ಇರುವುದು ತೀರ್ಥಹಳ್ಳಿ ಕಡೆ. ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ನಮ್ಮ ಗಿರಾಕಿಗಳ ಕಾರು ಆ ಘಟ್ಟ ಹತ್ತಿ ಇಳಿಯುವ ಕಾರು, ಅಡಿಕೆ ತೋಟದ ಕೆಸರಿನಲ್ಲಿ ಓಡಾಡುವ ಕಾರು. ವಾರಕ್ಕೊಮ್ಮೆ ವಾಟರ್ ಸರ್ವಿಸ್‌ಗೆ ಹೋಗುತ್ತದೆ. ಅಲ್ಲಿ ಹುಡುಗರು ಗನ್ ಹಿಡಿದು ಕೆಸರನ್ನು ಹೇಗೆ ಹೊಡೆಯುತ್ತಾರೆ ಎಂದು ನಿಮಗೆಲ್ಲ ಗೊತ್ತೇ ಇದೆ.

ಶಿವಮೊಗ್ಗದಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರೊಬ್ಬರು ರೇಡಿಯಂ ಕೆಲಸ, ಅಂದರೆ ಗಾಡಿ ಸ್ಟಿಕರ್ ಕೆಲಸ, ಮಾಡುತ್ತಾರೆ. ಅವರ ಹತ್ತಿರ ಹೋಗಿ ಕೇಳಿದೆ. "ಮಲೆನಾಡಿನ ಮಳೆಗೆ ಒತ್ತಕ್ಷರ ನಿಲ್ಲಲ್ಲ ಮಾರಾಯ. ಪ್ರಿಂಟ್ ಹೊಡೆಸು, ಮೇಲೆ ಲ್ಯಾಮಿನೇಶನ್ ಹಾಕು, ಚೌಕ ಮಾಡಿ ಅಂಟಿಸು. ಇಲ್ಲ ಅಂದ್ರೆ ಇಂಗ್ಲಿಷಲ್ಲಿ ಹಾಕಿಸ್ಕೊಳ್ಳಿ ಅನ್ನು" ಎಂದರು. ಕೊಪ್ಪದ ಗೆಳೆಯನೂ ಇದನ್ನೇ ಹೇಳಿದ. ಹಿನ್ನೆಲೆ ಇಲ್ಲದ ಬಿಡಿ ಕನ್ನಡ ಅಕ್ಷರವನ್ನು ಕಾರಿನ ಮೇಲೆ ಮೂರು ಮಳೆಗಾಲ ನಿಲ್ಲಿಸಲು ಆಗುವುದಿಲ್ಲ ಎಂಬುದು ಎಲ್ಲರ ತೀರ್ಮಾನ. ಈಗ ನನ್ನ ಕೈಯಿಂದ ಹೋದ ಕಾರುಗಳು ನಿಂತಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಠ ಹಿಡಿಯಲು ಹೊಟ್ಟೆಪಾಡೂ ಒಂದು ಕಾರಣ. ಮೊದಲು ನಮ್ಮ ಸಂಪಾದನೆಯಲ್ಲಿ ಮುಕ್ಕಾಲು ಪಾಲು ನಂಬರ್ ಪ್ಲೇಟ್‌ನಿಂದ ಬರುತ್ತಿತ್ತು. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಕಂಪನಿಯಿಂದಲೇ ಬರುವ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಅಂದರೆ ಎಚ್‌ಎಸ್‌ಆರ್‌ಪಿ ಬಂತು. 2023ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಹಳೆಯ ಗಾಡಿಗಳಿಗೂ ಕಡ್ಡಾಯ ಮಾಡಿತು. ಗಡುವು ಮೊದಲು ನವೆಂಬರ್ 17 ಎಂದಿತ್ತು, ಆಮೇಲೆ ಹಲವು ಸಲ ಮುಂದೆ ಹೋಯಿತು, ಆದರೆ ಕೆಲಸ ಮಾತ್ರ ನಮ್ಮ ಕೈಬಿಟ್ಟು ಹೋಯಿತು. ಉಳಿದದ್ದು ಹೆಸರು, ದೇವರು, ಊರು, ಮನೆತನ. ಅದನ್ನಾದರೂ ಬೇರೆಯವರಿಗಿಂತ ಚೆನ್ನಾಗಿ ಮಾಡಬೇಕು, ಅಲ್ವಾ?

ಮೊದಲು ನಾನು ಅಂಟನ್ನೇ ಬೈದೆ. ಸಾದಾ ಲೋಕಲ್ ರೋಲ್, ಅಂದರೆ ಸ್ಟಿಕರ್ ಕತ್ತರಿಸುವ ವಿನೈಲ್ ಹಾಳೆ, ಆಗ ಎರಡು ಅಡಿ ಅಗಲಕ್ಕೆ ಮೀಟರ್‌ಗೆ 70-80 ರೂಪಾಯಿ ಇತ್ತು. ಅದನ್ನು ಬಿಟ್ಟು ಒರಾಕಲ್ ಬ್ರ್ಯಾಂಡಿನ 651 ರೋಲ್ ತರಿಸಿದೆ. ಸ್ವಲ್ಪ ಸುಧಾರಿಸಿತು. ಆಮೇಲೆ ಧೈರ್ಯ ಮಾಡಿ ದ್ರವವಾಗಿ ಹರಡಿ ಮಾಡುವ ಕ್ಯಾಸ್ಟ್ ಫಿಲ್ಮ್, ಅಂದರೆ ಅದೇ ಬ್ರ್ಯಾಂಡಿನ 951, ಹತ್ತು ಮೀಟರ್ ತರಿಸಿದೆ. ಪಾರ್ಸೆಲ್ ಖರ್ಚು ಸೇರಿ ಆರು ಸಾವಿರದ ಮೇಲಾಯಿತು. ಕ್ಯಾಲೆಂಡರ್ ಮಾಡಿದ, ಅಂದರೆ ರೋಲರ್ ನಡುವೆ ಒತ್ತಿ ಮಾಡಿದ, ವಿನೈಲ್ ಬಿಸಿಲಿಗೆ ಕುಗ್ಗುತ್ತದೆ, ಕ್ಯಾಸ್ಟ್ ಅಷ್ಟು ಕುಗ್ಗುವುದಿಲ್ಲ, ತೆಳ್ಳಗಿರುವುದರಿಂದ ಬಾಗಿದ ಕಡೆ ಚೆನ್ನಾಗಿ ಕೂರುತ್ತದೆ. ಇದೆಲ್ಲ ಈ ಕೆಲಸದವರಿಗೆ ಗೊತ್ತಿರುವ ವಿಷಯ. ಇಷ್ಟು ದುಡ್ಡು ಸುರಿದ ಮೇಲೂ 2022ರ ಆರಿದ್ರಾ ಮಳೆಗೆ ನಾಲ್ಕು ಕಾರಿನ ಒತ್ತುಗಳು ಎದ್ದವು. ಮೊದಲಿನಷ್ಟು ಬೇಗ ಏಳಲಿಲ್ಲ ಅಷ್ಟೇ. ಆರು ಸಾವಿರ ಕೊಟ್ಟು ಎರಡು ತಿಂಗಳು ಮುಂದಕ್ಕೆ ಹಾಕಿದ ಹಾಗಾಯಿತು.

ಆಗ ಒಂದು ಪ್ರಯೋಗ ಮಾಡಿದೆ. ಗುಜರಿಯಲ್ಲಿ ಹಳೆ ಓಮ್ನಿಯ ಹಿಂದಿನ ಬಾಗಿಲು ಸಿಕ್ಕಿತು. 700 ಕೊಟ್ಟೆ. ಪೇಂಟ್ ಚೆನ್ನಾಗೇ ಇತ್ತು. ಅದನ್ನು ತೊಳೆದು, ಮೂವತ್ತು ಚಿಲ್ಲರೆ ತುಂಡು ಅಂಟಿಸಿ, ಶೆಡ್ಡಿನ ಮಾಡಿಗೆ ಒರಗಿಸಿ ನಿಲ್ಲಿಸಿದೆ. ಮೂರು ತರದ ರೋಲ್ ಇತ್ತು. ಅಕ್ಷರ, ಒತ್ತು, ಸೊನ್ನೆ, ದೀರ್ಘ, ಜೊತೆಗೆ ಸುಮ್ನೆ ಚೌಕ, ವೃತ್ತ, ತ್ರಿಕೋನ. ವಾರಕ್ಕೊಂದು ಸಲ ಪ್ರೆಶರ್ ವಾಷರ್ ಬಾಡಿಗೆಗೆ ತಂದು ಹೊಡೆದೆ. ಮನೆಯವಳು "ಗಾಡಿ ಇಲ್ಲದೆ ಬಾಗಿಲಿಗೆ ಸರ್ವಿಸ್ ಮಾಡ್ತಿದೀರಲ್ರೀ" ಎಂದಳು. ಪುಷ್ಯ ಮಳೆ ಮುಗಿಯುವ ಹೊತ್ತಿಗೆ ಉತ್ತರ ಸಿಕ್ಕಿತು.

ಲೋಕಲ್ ರೋಲಿನ ಚೌಕ ನಿಂತಿತ್ತು! ಮೂಲೆ ಮಾತ್ರ ಸ್ವಲ್ಪ ಎದ್ದಿತ್ತು. ಅದೇ ರೋಲಿನ ವೃತ್ತ ಹಾಕಿದ ಹಾಗೇ ಇತ್ತು. ತ್ರಿಕೋನದ ಮೂರೂ ತುದಿ ಸುರುಳಿ ಸುತ್ತಿದ್ದವು. ಕ್ಯಾಸ್ಟ್ ಫಿಲ್ಮಿನ ದೊಡ್ಡ ಅಕ್ಷರಗಳಲ್ಲಿ ಎಲ್ಲೇ ಎದ್ದಿದ್ದರೂ ಅದು ತಲೆಕಟ್ಟಿನ ಚೂಪು ತುದಿಯಿಂದಲೇ ಶುರುವಾಗಿತ್ತು. ಪೂರ್ತಿ ಉದುರಿ ಹೋದವು ಮಾತ್ರ ಬೇರೆಯಾಗಿ ನಿಂತ ಚಿಕ್ಕ ತುಂಡುಗಳು. ಒತ್ತು, ಅರ್ಕಾವತ್ತು, ದೀರ್ಘದ ಕೊಂಬು. ಅಂಟು ಒಂದೇ, ಪೇಂಟ್ ಒಂದೇ, ಮಳೆ ಒಂದೇ. ಆಕಾರ ಬೇರೆ. ತಪ್ಪು ರೋಲಿನದಲ್ಲ, ನಾನು ಕತ್ತರಿಸಿದ ಅಕ್ಷರದ್ದು ಎಂದು ಅವತ್ತು ತಿಳಿಯಿತು.

ಲೆಕ್ಕ ಹಾಕಿ ನೋಡಿ. "ಅಪ್ಪನ ಆಶೀರ್ವಾದ" ಎಂಬುದರಲ್ಲಿ ಏಳು ಅಕ್ಷರ. ಆದರೆ ನಮ್ಮ ಕಟಿಂಗ್ ಮೆಷಿನ್, ಅಂದರೆ ಪ್ಲಾಟರ್, ಕತ್ತರಿಸುವುದು ಹತ್ತು ತುಂಡು. ಪ ಒತ್ತು ಒಂದು, ಶೀ ಅಕ್ಷರದ ದೀರ್ಘ ಒಂದು, ಅರ್ಕಾವತ್ತು ಒಂದು. ಈ ಮೂರು ತುಂಡು ಸೇರಿದರೂ ಒಂದು ಅಕ್ಷರದಷ್ಟು ಅಂಟಿನ ಜಾಗ ಇಲ್ಲ. ಕೆಲವು ಫಾಂಟ್‌ಗಳಲ್ಲಿ ಪ, ಷ ಇವುಗಳ ತಲೆಕಟ್ಟೂ ಬೇರೆಯೇ ನಿಲ್ಲುತ್ತದೆ. ಆಗ ತುಂಡು ಇನ್ನೂ ಜಾಸ್ತಿ. ಇಂಗ್ಲಿಷಿನಲ್ಲಿ ಈ ತೊಂದರೆ ಕಮ್ಮಿ. ಅದಕ್ಕೇ ನಮ್ಮವರು ಇಂಗ್ಲಿಷಲ್ಲಿ ಹಾಕಿ ಎನ್ನುವುದು. ನನಗೆ ಅದು ಒಪ್ಪಿಗೆ ಇಲ್ಲ. ಗಿರಾಕಿ ಅಪ್ಪ ಎಂದು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಕೊಡಬೇಕು.

ಈಗ ಫೈಲ್ ವಿಷಯ. ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ವಿನ್ಯಾಸದ ತಂತ್ರಾಂಶ ಕೋರಲ್‌ನಲ್ಲಿ ಕೆಲಸ ಮಾಡುವವನು. ಕರ್ವ್ ಮಾಡಿದ (ಅಕ್ಷರವನ್ನು ಗೆರೆಯ ಚಿತ್ರವಾಗಿ ಬದಲಿಸಿದ) ಮೇಲೆ ವೆಲ್ಡ್ ಮಾಡದೆ (ಚೂರುಗಳನ್ನು ಒಂದಾಗಿ ಬೆಸೆಯದೆ) ಕಟಿಂಗ್‌ಗೆ ಕಳಿಸಬೇಡಿ. ಹಳೆ ಫಾಂಟ್‌ಗಳಲ್ಲಿ ಒಂದು ಅಕ್ಷರ ಎರಡು ಮೂರು ಚೂರು ಸೇರಿ ಆಗಿರುತ್ತದೆ. ಒಂದರ ಮೇಲೊಂದು ಹತ್ತಿರುವ ಕಡೆ ಬ್ಲೇಡ್ ಒಳಗೂ ಗೆರೆ ಹಾಕುತ್ತದೆ. ಸ್ಕ್ರೀನ್ ಮೇಲೆ ಕಾಣುವುದಿಲ್ಲ. ಕಾರಿನ ಮೇಲೆ ಆರು ತಿಂಗಳಾದ ಮೇಲೆ ಆ ಗೆರೆ ಬಾಯಿ ಬಿಡುತ್ತದೆ. ಇದು ಗೊತ್ತಿದ್ದೂ ಅರ್ಜೆಂಟಿನಲ್ಲಿ ಬಿಡುವವರು ಬಹಳ ಜನ. ನಾನೂ ಬಿಟ್ಟಿದ್ದೇನೆ.

ಆಮೇಲೆ ನೋಡ್, ಅಂದರೆ ಗೆರೆಯ ಮೇಲಿನ ಬಿಂದುಗಳು. ನುಡಿ ಅಕ್ಷರವನ್ನು ಕರ್ವ್ ಮಾಡಿದರೆ ಬೇಡದ ನೋಡ್‌ಗಳು ಸಿಕ್ಕಾಪಟ್ಟೆ ಬರುತ್ತವೆ. ಪ್ಲಾಟರ್ ಪ್ರತಿ ನೋಡ್‌ನಲ್ಲೂ ಒಂದು ಕ್ಷಣ ತಡವರಿಸಿದ ಹಾಗೆ ಮಾಡುತ್ತದೆ. ಅಂಚು ಗರಗಸದ ಹಲ್ಲಿನಂತೆ ಆಗುತ್ತದೆ. ಕೆಸರು ಹಿಡಿಯುವುದು ಅಲ್ಲೇ. ಒಂದು ಅಕ್ಷರಕ್ಕೆ ಅರವತ್ತು ಎಪ್ಪತ್ತು ಇದ್ದ ನೋಡ್ ನಾನು ಇಪ್ಪತ್ತರ ಆಸುಪಾಸಿಗೆ ಇಳಿಸುತ್ತೇನೆ. ನಂತರ ಚೂಪು ತುದಿಗಳನ್ನೆಲ್ಲ ಫಿಲೆಟ್ ಹಾಕಿ ಉರುಟು ಮಾಡುತ್ತೇನೆ. ಎರಡು ಇಂಚಿನ ಅಕ್ಷರಕ್ಕೆ ಒಂದು ಮಿಲಿಮೀಟರ್ ಸಾಕು. ದೂರದಿಂದ ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪ್ರೆಶರ್ ವಾಷರ್‌ಗೆ ಗೊತ್ತಾಗುತ್ತದೆ.

ನಿಜವಾದ ಕೆಲಸ ಇದರ ನಂತರದ್ದು. ಬೇರೆಯಾಗಿ ನಿಂತ ಒತ್ತನ್ನು ಮೂಲ ಅಕ್ಷರಕ್ಕೆ ಒಂದು ಸಣ್ಣ ಸೇತುವೆ ಹಾಕಿ ಕೂಡಿಸಬೇಕು. ಅಷ್ಟೇ ವಿಷಯ. ಹೇಳಲು ಸುಲಭ. ನನಗೆ ಇದು ಕೈಗೆ ಹತ್ತಲು ಐದಾರು ತಿಂಗಳು ಹಿಡಿಯಿತು.

ಏಕೆ ಅಂದರೆ ಕನ್ನಡದಲ್ಲಿ ಒಂದು ಗೆರೆ ಜಾಗ ತಪ್ಪಿದರೆ ಅಕ್ಷರವೇ ಬದಲಾಗುತ್ತದೆ. ಪ ಕೆಳಗೆ ನಡುವಿನಲ್ಲಿ ಸೇತುವೆ ಇಳಿಸಿದೆ. ಅದು ಫ ಆಯಿತು. ಸೇತುವೆಯನ್ನು ಒಳಗಡೆಯಿಂದ ತಂದು ನೋಡಿದೆ, ಷ ತರ ಕಂಡಿತು. ದ ಕೆಳಗೆ ಇಳಿಸಿದರೆ ಧ, ಬ ಕೆಳಗೆ ಇಳಿಸಿದರೆ ಭ, ಡ ಕೆಳಗೆ ಇಳಿಸಿದರೆ ಢ. ಮಹಾಪ್ರಾಣದ ಸೀಳು ಎಲ್ಲಿ ಬರುತ್ತದೋ ಸರಿಯಾಗಿ ಅಲ್ಲೇ ನಮ್ಮ ಕೈ ಸೇತುವೆ ಹಾಕಲು ಹೋಗುತ್ತದೆ. ಒಬ್ಬ ಗಿರಾಕಿಗೆ "ದೊಡ್ಡಮನೆ" ಎಂದು ಮಾಡಿ ತೋರಿಸಿದೆ. ಡ ಕೆಳಗಿನ ಸೇತುವೆಯಿಂದ ಅದು ಢ ಆಗಿ ಕಂಡಿತು. ಅವರು ಪಾಪ ಏನೂ ಹೇಳಲಿಲ್ಲ. ಜೊತೆಗೆ ಬಂದಿದ್ದ ಅವರ ಮಗಳು, ಆರನೇ ಕ್ಲಾಸಿನ ಹುಡುಗಿ, ತಪ್ಪು ಹಿಡಿದಳು.

ನಮ್ಮ ಬೀದಿಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರಿದ್ದಾರೆ. ಮಾಡಿದ್ದನ್ನೆಲ್ಲ ಪ್ರಿಂಟ್ ತೆಗೆದು ಅವರ ಮನೆಗೆ ಒಯ್ಯಲು ಶುರು ಮಾಡಿದೆ. ಅವರು ಕನ್ನಡಕ ತೆಗೆದು, ಹತ್ತು ಅಡಿ ದೂರ ಇಟ್ಟು ಓದುತ್ತಿದ್ದರು. "ಹತ್ತಿರದಿಂದ ಎಲ್ಲರೂ ಓದ್ತಾರಪ್ಪ. ನಿನ್ನ ಕಾರು ಮುಂದೆ ಹೋಗ್ತಿರುತ್ತೆ, ಹಿಂದಿನವನು ಓದಬೇಕು" ಎಂದರು. ಆ ಮಾತಿನಿಂದ ನನಗೆ ಬಹಳ ಉಪಕಾರವಾಯಿತು. ಸೇತುವೆ ದೂರಕ್ಕೆ ಕಾಣಬಾರದು, ಆದರೆ ಕಿತ್ತು ಬರಲೂಬಾರದು. ಎರಡು ಇಂಚಿನ ಅಕ್ಷರಕ್ಕೆ ಒಂದೂವರೆ ಮಿಲಿಮೀಟರ್ ಅಗಲ ನನಗೆ ಒಗ್ಗಿದ್ದು. ಒಂದು ಮಿಲಿಮೀಟರ್‌ಗೆ ಇಳಿಸಿದರೆ ವೀಡಿಂಗ್ ಮಾಡುವಾಗಲೇ, ಅಂದರೆ ಅಕ್ಷರದ ಸುತ್ತಲಿನ ಬೇಡದ ವಿನೈಲ್ ಕಿತ್ತು ತೆಗೆಯುವಾಗಲೇ, ಹರಿಯುತ್ತದೆ. ಎರಡಕ್ಕೆ ಏರಿಸಿದರೆ ಕಣ್ಣಿಗೆ ಹೊಡೆಯುತ್ತದೆ. ನಡುವಿನಿಂದ ಇಳಿಸಬೇಡಿ, ಅಕ್ಷರದ ಬಲಗಡೆಯ ಭುಜದಿಂದ ತನ್ನಿ. ಯಾವ ಒತ್ತಿಗೆ ಯಾವ ಕೋನದಲ್ಲಿ ತರುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಲವತ್ತರ ಹತ್ತಿರ ಒತ್ತು ಜೋಡಿ ಮಾಡಿ ಇಟ್ಟುಕೊಂಡಿದ್ದೇನೆ. ಅದು ನನ್ನ ಎರಡು ವರ್ಷದ ದುಡಿಮೆ. ಬಲ ಭುಜ ಎಂದು ಹೇಳಿದ್ದೇ ದೊಡ್ಡ ಸುಳಿವು, ಕೆಲಸ ಗೊತ್ತಿದ್ದವರಿಗೆ ಅಷ್ಟು ಸಾಕು.

ನಡುವೆ ಒಂದು ಬೇರೆ ದಾರಿಯನ್ನೂ ನೋಡಿದೆ. ಹಿಂದಿಯ ಹಾಗೆ ಎಲ್ಲ ತಲೆಕಟ್ಟನ್ನೂ ಒಂದೇ ಗೆರೆಯಲ್ಲಿ ಕೂಡಿಸಿದರೆ ಪೂರ್ತಿ ಸಾಲು ಒಂದೇ ತುಂಡಾಗುತ್ತದೆ ಎಂದು ಲೆಕ್ಕ ಹಾಕಿದೆ. ಗಟ್ಟಿಯೇನೋ ಆಯಿತು. ಓಮ್ನಿ ಬಾಗಿಲ ಮೇಲೆ ಅದು ಇನ್ನೂ ಇದೆ. ಆದರೆ ನೋಡಲು ಕನ್ನಡದಂತೆ ಇಲ್ಲ. ಕನ್ನಡ ಅಕ್ಷರಕ್ಕೆ ಉಸಿರಾಡಲು ನಡುವೆ ಜಾಗ ಬೇಕು. ಮೂರು ಗಿರಾಕಿಗಳಿಗೆ ತೋರಿಸಿದೆ, ಮೂವರೂ ಬೇಡ ಎಂದರು. ಬಿಟ್ಟುಬಿಟ್ಟೆ.

ಬ್ಲೇಡ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಒತ್ತು ಚಿಕ್ಕದಿದ್ದರೆ 45 ಡಿಗ್ರಿ ಬಿಟ್ಟು 60 ಹಾಕಿ. 350 ರೂಪಾಯಿ ಆಸುಪಾಸು. ಮೂಲೆಗಳು ಚೆನ್ನಾಗಿ ಬರುತ್ತವೆ. ಒತ್ತಡ ಎಷ್ಟು ಎಂದು ನನ್ನನ್ನು ಕೇಳಬೇಡಿ, ನಿಮ್ಮ ಮೆಷಿನ್ ಬೇರೆ. ಲೈನರ್, ಅಂದರೆ ವಿನೈಲ್ ಹಿಂದಿನ ಕಾಗದದ, ಮೇಲೆ ಗೆರೆ ಮೂಡಬೇಕು, ಲೈನರ್ ತೂತಾಗಬಾರದು.

ಅಂಟಿಸುವ ಕೆಲಸದಲ್ಲೂ ಹಿರಿಯರ ಮಾತಿಗೆ ವಿರುದ್ಧ ಹೋದೆ. ನಮ್ಮಲ್ಲಿ ಎಲ್ಲರೂ ಶಾಂಪೂ ನೀರು ಚಿಮುಕಿಸಿ ಅಂಟಿಸುವವರೇ. ಜಾಗ ಸರಿ ಮಾಡಲು ಸುಲಭ, ಗುಳ್ಳೆ ಬರುವುದಿಲ್ಲ. ದೊಡ್ಡ ಚಿತ್ರಕ್ಕೆ, ಬೇಸಿಗೆಯಲ್ಲಿ ಅದು ಸರಿ. ಜುಲೈ ತಿಂಗಳಲ್ಲಿ ಮಲೆನಾಡಿನಲ್ಲಿ ಬಟ್ಟೆಯೇ ಮೂರು ದಿನಕ್ಕೆ ಒಣಗುವುದಿಲ್ಲ. ಇನ್ನು ವಿನೈಲ್ ಕೆಳಗಿನ ನೀರು ಎಲ್ಲಿ ಒಣಗುತ್ತದೆ? 2021ರ ಆ ಕಾರಿನ ಉದುರಿದ ಒತ್ತಿನ ಜಾಗದಲ್ಲಿ ಅಂಟು ಬೆಳ್ಳಗೆ ಹಾಲಿನಂತೆ ಕಂಡಿತ್ತು. ಆಗ ನನಗೆ ಅರ್ಥ ಆಗಿರಲಿಲ್ಲ.

ಈಗ ಪೂರ್ತಿ ಒಣದಾಗಿ ಅಂಟಿಸುತ್ತೇನೆ. ನಡುವೆ ಮಾಸ್ಕಿಂಗ್ ಟೇಪ್ ಹಾಕಿ ಕೀಲು ಮಾಡಿಕೊಳ್ಳುವುದು, ಅರ್ಧ ಲೈನರ್ ಕತ್ತರಿಸುವುದು, ಒಂದು ಕಡೆ ಮುಗಿಸಿ ಇನ್ನೊಂದು ಕಡೆ. ಒತ್ತಿ ಉಜ್ಜಲು ಅಂಚಿಗೆ ಬಟ್ಟೆ ಇರುವ ಸ್ಕ್ವೀಜಿ, ನಡುವಿನಿಂದ ಹೊರಕ್ಕೆ. ಅದಕ್ಕಿಂತ ಮುಂಚೆ ಕಾರನ್ನು ಶೆಡ್ಡಿನೊಳಗೆ ಎರಡು ಗಂಟೆ ನಿಲ್ಲಿಸುತ್ತೇನೆ. ಎರಡು 500 ವ್ಯಾಟ್ ಹ್ಯಾಲೊಜನ್ ಲೈಟ್ ಹಿಂದಿನ ಬಾಗಿಲಿಗೆ ಹಿಡಿದು ಇಡುತ್ತೇನೆ. ಬೀಡಿಂಗ್ ಸಂದಿಯಲ್ಲಿ, ಲೋಗೋ ಹಿಂದೆ ಅಡಗಿದ ನೀರು ಆ ಬಿಸಿಗೆ ಹೊರಗೆ ಬರುತ್ತದೆ. ಒರೆಸಿ ಮತ್ತೆ ಕಾಯುತ್ತೇನೆ. ಒಂದು ಸಣ್ಣ ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಂಡೆ, 900 ಇರಬೇಕು. 30 ಡಿಗ್ರಿ ಆಸುಪಾಸು ಬಂದರೆ ಕೆಲಸ ಶುರು. ಅಕ್ಷರಗಳನ್ನು ಎತ್ತಿ ಕಾರಿಗೆ ಕೂರಿಸುವ ಅಪ್ಲಿಕೇಶನ್ ಟೇಪನ್ನು ಮೇಲಕ್ಕೆ ಎಳೆಯಬಾರದು, ಅದರ ಮೈಗೆ ಅದನ್ನೇ ಮಡಚಿ, ನಿಧಾನಕ್ಕೆ. ಆಮೇಲೆ ಹೀಟ್ ಗನ್‌ನ ಸಣ್ಣ ಬಿಸಿ, ಹತ್ತಿ ಬಟ್ಟೆ ಸುತ್ತಿದ ಬೆರಳಿನಿಂದ ಒಂದೊಂದು ಒತ್ತಿನ ಅಂಚನ್ನೂ ಒತ್ತುತ್ತೇನೆ. ಏಳು ಅಕ್ಷರಕ್ಕೆ ಇಪ್ಪತ್ತು ನಿಮಿಷ ಬೇಕು. ಬೇರೆಯವರು ಐದು ನಿಮಿಷಕ್ಕೆ ಮುಗಿಸುತ್ತಾರೆ.

ಒರೆಸುವುದು ಪೆಟ್ರೋಲ್‌ನಲ್ಲಿ ಬೇಡ. ಎಣ್ಣೆಯ ಪದರ ಉಳಿಯುತ್ತದೆ. ಥಿನ್ನರ್ ಪೇಂಟ್ ತಿನ್ನುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದು, ಎರಡು ಸಲ, ಎರಡು ಬೇರೆ ಬಟ್ಟೆ. ಡ್ಯಾಶ್‌ಬೋರ್ಡ್ ಪಾಲಿಶ್ ಮುಟ್ಟಿದ ಕೈಯನ್ನು ಹತ್ತಿರ ತರಬೇಡಿ, ಅದರಲ್ಲಿರುವ ಸಿಲಿಕೋನ್ ಎಲ್ಲ ಕೆಡಿಸುತ್ತದೆ. ಇದಾದ ಮೇಲೆ ಕೊನೆಯದಾಗಿ ನಾನು ಇನ್ನೊಂದು ವಸ್ತುವಿನಿಂದ ಒರೆಸುತ್ತೇನೆ. ಅದು ಅಡುಗೆಮನೆಯಲ್ಲೇ ಸಿಗುವಂಥದ್ದು. ಹೆಸರು ಹೇಳುವುದಿಲ್ಲ, ಕ್ಷಮಿಸಿ.

ದೊಡ್ಡ ನಷ್ಟ ಆದದ್ದು ಹೀಟ್ ಗನ್‌ನಿಂದ. ಒಂದು ಸ್ವಿಫ್ಟ್, ಹಿಂದಿನ ಬಂಪರ್‌ಗೆ ಊರಿನಲ್ಲೇ ಪೇಂಟ್ ಆಗಿತ್ತು. ಗಿರಾಕಿ ಹೇಳಲಿಲ್ಲ, ನಾನು ಕೇಳಲಿಲ್ಲ. ಬಿಸಿ ಕೊಟ್ಟ ಕೂಡಲೇ ಪೇಂಟ್ ಗುಳ್ಳೆ ಎದ್ದಿತು. ಟೇಪ್ ಎಳೆದಾಗ ಅಂಗೈ ಅಗಲ ಪೇಂಟ್ ಟೇಪಿನ ಜೊತೆ ಬಂತು. ಮೂರೂವರೆ ಸಾವಿರ ಕೊಟ್ಟು ನಾನೇ ಮಾಡಿಸಿಕೊಟ್ಟೆ. ಈಗ ಮೊದಲ ಪ್ರಶ್ನೆಯೇ "ಎಲ್ಲಾದ್ರೂ ಪೇಂಟ್ ಆಗಿದ್ಯಾ, ಯಾವಾಗ?" ಎಂಬುದು. ಒಂದು ತಿಂಗಳ ಒಳಗಿನದಾದರೆ ವಾಪಸ್ ಕಳಿಸುತ್ತೇನೆ. ಬಂದ ದುಡ್ಡು ಬಿಡಲು ಕಷ್ಟ, ಆದರೆ ಒಳಗಿನ ಥಿನ್ನರ್ ಆವಿ ಪೂರ್ತಿ ಹೋಗದೆ ಸ್ಟಿಕರ್ ನಿಲ್ಲುವುದಿಲ್ಲ.

ಜಾಗ ಆರಿಸುವುದರಲ್ಲಿ ನಾನು ಗಿರಾಕಿಯ ಜೊತೆ ವಾದಕ್ಕೆ ನಿಲ್ಲುತ್ತೇನೆ. ಬಾನೆಟ್ ಬೇಡ, ಮಲಗಿದ ಜಾಗಕ್ಕೆ ಬಿಸಿಲು ಜಾಸ್ತಿ, ಕೆಳಗೆ ಎಂಜಿನ್ ಬಿಸಿ. ಬಂಪರ್ ಮೇಲಿನ ಕಪ್ಪು ತರಿತರಿ ಪ್ಲಾಸ್ಟಿಕ್ ಬೇಡ, ಅದಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಹಿಂದಿನ ಗಾಜಿನಲ್ಲಿ ವೈಪರ್ ಓಡಾಡುವ ಜಾಗ ಬೇಡ. ಗಾಜಿನ ಒಳಗಡೆಯಿಂದ ತಿರುಗಿಸಿ ಅಂಟಿಸಿದರೆ ಮಳೆ ತಾಗುವುದಿಲ್ಲ ಎಂದು ಕೆಲವರು ಮಾಡುತ್ತಾರೆ. ಕೀಳುವಾಗ ಗಾಜಿನ ಮಂಜು ತೆಗೆಯುವ ಡಿಫಾಗರ್ ಗೆರೆ ಅದರ ಜೊತೆ ಬರುತ್ತದೆ. ಗಾಜು ತುಂಬ ಸ್ಟಿಕರ್ ಹಾಕಿ ಎಂದು ಬಂದವರಿಗೆ ಇಲ್ಲ ಎನ್ನುತ್ತೇನೆ. 2012ರಲ್ಲಿ ಸುಪ್ರೀಂ ಕೋರ್ಟ್ ಗಾಜಿನ ಫಿಲ್ಮ್ ಬಗ್ಗೆ ತೀರ್ಪು ಕೊಟ್ಟ ಮೇಲೆ ದಂಡ ಕಟ್ಟಿ ಬಂದ ಗಿರಾಕಿಗಳು ನಮ್ಮ ಮೇಲೇ ಸಿಟ್ಟು ಮಾಡಿದ್ದು ನೆನಪಿದೆ. ಹಿಂದಿನ ಬಾಗಿಲಿನ ಮೇಲಿನ ಅರ್ಧ, ನೇರ ನಿಂತ ತಗಡು, ಚಕ್ರದ ಕೆಸರು ನೇರ ಹೊಡೆಯದ ಕಡೆ. ನನ್ನ ಜಾಗ ಅದೇ.

ಬಣ್ಣಕ್ಕೆ ಬಂದರೆ, ಅಗ್ಗದ ಕೆಂಪು ಮೊದಲು ಮಾಸುತ್ತದೆ. ಗಾಢ ಬಣ್ಣದ ಕಾರಿಗೆ ಬಿಳಿ, ಬಿಳಿ ಕಾರಿಗೆ ಕಪ್ಪು ಅಥವಾ ಮರೂನ್. ಬಂಗಾರದ ಕ್ರೋಮ್ ಬೇಕು ಎನ್ನುವವರು ಬಹಳ. ಹಾಕಿಕೊಟ್ಟು ನೋಡಿದ್ದೇನೆ, ಒತ್ತಿನ ತಿರುವಿನಲ್ಲಿ ಬಿರುಕು ಬಿಡುತ್ತದೆ. ನಿಜವಾದ ಹೊಳೆಯುವ ರೇಡಿಯಂ ಶೀಟ್ ದಪ್ಪ, ಬಾಗುವುದಿಲ್ಲ. ಅದರಲ್ಲಿ ಅರ್ಕಾವತ್ತು ಕತ್ತರಿಸುವ ಆಸೆ ಬಿಡಿ. ಅಂಚಿಗೆ ಉಗುರು ಬಣ್ಣ, ಕ್ಲಿಯರ್ ಲ್ಯಾಕರ್ ಹಚ್ಚಿ ಸೀಲ್ ಮಾಡುವುದನ್ನೂ ಓಮ್ನಿ ಬಾಗಿಲ ಮೇಲೆ ನೋಡಿದೆ. ಎರಡೇ ತಿಂಗಳಲ್ಲಿ ಹಳದಿಯಾಗಿ ಸೀಳಿತು.

ಎಲ್ಲ ಸರಿಹೋಯಿತು ಎಂದುಕೊಂಡ ವರ್ಷ ಇನ್ನೊಂದು ತೊಂದರೆ ಬಂತು. ಆಯುಧಪೂಜೆ. ಹಿಂದಿನ ವಾರ ಹದಿನೆಂಟು ಕಾರು ಮಾಡಿದ್ದೆ, ರಾತ್ರಿ ಒಂದರವರೆಗೆ ಕೂತು. ಹಬ್ಬದ ಮಾರನೇ ದಿನ ಮೂರು ಕಾರು ವಾಪಸ್. ಹೂವಿನ ಹಾರವನ್ನು ಸೆಲೋಟೇಪ್ ಹಾಕಿ ಸ್ಟಿಕರ್ ಮೇಲೇ ಅಂಟಿಸಿದ್ದರು. ಹಾರ ತೆಗೆಯುವಾಗ ಟೇಪಿನ ಜೊತೆ ಅಕ್ಷರವೂ ಬಂದಿತ್ತು. ಒಂದರಲ್ಲಿ ಬಿಳಿ ಅಕ್ಷರದ ಮೇಲೆ ಒದ್ದೆ ಕುಂಕುಮ ಹಚ್ಚಿ ಗುಲಾಬಿ ಕಲೆ ಕೂತಿತ್ತು. ಯಾರ ತಪ್ಪೂ ಅಲ್ಲ, ಹೇಳಬೇಕಾದವನು ನಾನು. ಈಗ ಕಾರು ಕೊಡುವಾಗ ಚೀಟಿಯಲ್ಲಿ ಬರೆದೇ ಕೊಡುತ್ತೇನೆ. ಮೂರು ದಿನ ತೊಳೆಯಬೇಡಿ. ವಾಟರ್ ಗನ್ ಒಂದು ಅಡಿಗಿಂತ ಹತ್ತಿರ ಬೇಡ, ನೇರ ಹಿಡಿಯಿರಿ, ಓರೆಯಾಗಿ ಹೊಡೆಯಬೇಡಿ. ಹಾರದ ಟೇಪ್ ಗಾಜಿಗೆ ಹಾಕಿ. ಕುಂಕುಮ ಪಕ್ಕದ ತಗಡಿಗೆ ಇಡಿ.

2023ರ ಏಪ್ರಿಲ್‌ನಲ್ಲಿ ಆ ಹಳೆ ಗಿರಾಕಿಗೆ ನಾನೇ ಫೋನ್ ಮಾಡಿದೆ. "ಒಂದ್ಸಲ ಗಾಡಿ ತನ್ನಿ ಸಾರ್, ಅಪ್ಪನ ಹೆಸರು ಸರಿ ಮಾಡಿ ಕೊಡ್ತೀನಿ" ಎಂದೆ. ಬಂದರು. ಹತ್ತು ತುಂಡು ಏಳಾಗಿತ್ತು. ದುಡ್ಡು ತಗೊಳ್ಳಲಿಲ್ಲ. ಅದಾದ ಮೇಲೆ ಮೂರು ಮಳೆಗಾಲ ಹೋದವು. ಪ ಒತ್ತು ಅಲ್ಲೇ ಇದೆ. ಅರ್ಕಾವತ್ತಿನ ತುದಿ ಉಗುರಿಗೂ ಸಿಗುವುದಿಲ್ಲ. ಫೋಟೋ ತೆಗೆದು ಶಿವಮೊಗ್ಗದ ಹಿರಿಯರಿಗೆ ಕಳಿಸಿದೆ. ಅವರು ಒಂದು ಭಾನುವಾರ ಬಸ್ ಹತ್ತಿ ಬಂದೇಬಿಟ್ಟರು. ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಬೆರಳಾಡಿಸಿ ನೋಡಿದರು. "ಆಯ್ತು ಮಾರಾಯ, ನೀನು ಗೆದ್ದೆ" ಎಂದರು. ಅವತ್ತು ನನಗೆ ಆದ ಸಂತೋಷ ಯಾವ ಆಯುಧಪೂಜೆ ಕಲೆಕ್ಷನ್‌ನಿಂದಲೂ ಆಗಿಲ್ಲ. ಅವರು ಒತ್ತಿನ ಫೈಲ್ ಕೇಳಿದರು. ಐದು ಕೊಟ್ಟೆ.

ಲೆಕ್ಕ ಕೇಳುವವರಿಗೆ: ಕಲಿಯಲು ಕಳೆದುಕೊಂಡದ್ದು ರೋಲ್, ಪೇಂಟ್, ವಾಪಸ್ ಕೊಟ್ಟ ದುಡ್ಡು ಎಲ್ಲ ಸೇರಿ ಹದಿನೇಳು ಹದಿನೆಂಟು ಸಾವಿರ. ಈಗ ಒಂದು ಸಾಲಿಗೆ ಸಾಮಾನು ಖರ್ಚು 120ರ ಒಳಗೆ. ಪಕ್ಕದವರು 250ಕ್ಕೆ ಮಾಡುವ ಕೆಲಸಕ್ಕೆ ನಾನು 900 ತಗೊಳ್ಳುತ್ತೇನೆ, ಎರಡು ಮಳೆಗಾಲದೊಳಗೆ ಒತ್ತು ಎದ್ದರೆ ಹೊಸದು ಉಚಿತ. ಇಲ್ಲಿಯವರೆಗೆ ಇನ್ನೂರರ ಹತ್ತಿರ ಕಾರು ಆಗಿರಬಹುದು. ವಾಪಸ್ ಬಂದದ್ದು ಏಳು. ಅದರಲ್ಲಿ ಮೂರು ಆ ಹಾರದ ಟೇಪಿನವು. ಎರಡು ತಿಂಗಳಿಗೊಮ್ಮೆ ಉಡುಪಿ ಕಡೆಯಿಂದ ಘಟ್ಟ ಹತ್ತಿ ಬರುವ ಗಿರಾಕಿಗಳೂ ಇದ್ದಾರೆ.

ಈಗ ಕೈಯಲ್ಲಿರುವುದು "ಲಕ್ಷ್ಮೀ". ಒಂದು ಬೊಲೆರೊದ ಸ್ಟೆಪ್ನಿ ಕವರ್ ಮೇಲೆ ಬೇಕಂತೆ. ಕ ಕೆಳಗೆ ಷ ಒತ್ತು, ಅದರ ಜೊತೆ ಮ ಒತ್ತು, ಮೇಲೆ ದೀರ್ಘ. ಎರಡು ಒತ್ತಿಗೆ ಒಂದೇ ಭುಜ ಸಾಲದು. ಮೊದಲ ಸಲ ಮಾಡಿದ್ದು ಮೇಷ್ಟ್ರಿಗೆ ಒಪ್ಪಿಗೆ ಆಗಲಿಲ್ಲ. ಎರಡನೆಯದು ದೂರಕ್ಕೆ ಚೆನ್ನಾಗಿ ಓದಿಸಿಕೊಂಡಿತು, ಆದರೆ ಕವರ್ ಬಾಗಿರುವ ಕಡೆ ಮ ಒತ್ತಿನ ಕುತ್ತಿಗೆ ಎಳೆಯುತ್ತಿದೆ. ಮೂರನೆಯದು ಓಮ್ನಿ ಬಾಗಿಲ ಮೇಲೆ ಮೊನ್ನೆ ಅಂಟಿಸಿದೆ. ಗಿರಾಕಿಗೆ ಪುಷ್ಯ ಮಳೆ ಮುಗಿಯುವವರೆಗೆ ಕಾಯಲು ಹೇಳಿದ್ದೇನೆ.